ವರಗಳನ್ನು ಹೂತಿಡದ ವೈಮಾನಿಕ

ಯುದ್ಧಕಾಲದ ವೈಮಾನಿಕನೆಂದೊಡನೆ ಬಾಂಬು, ಬಂದೂಕುಗಳ ಚಿತ್ರವೇ ನಮ್ಮ ಕಣ್ಮುಂದೆ ಬರುವುದು ಸಹಜ. ಆದರೆ ಎರಡನೆಯ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಬಂದೂಕಿಲ್ಲದ ವಿಮಾನವನ್ನೇರಿ, ಕ್ಯಾಮೆರಾಗಳನ್ನಷ್ಟೇ ಹೊತ್ತು ಶತ್ರುನೆಲೆಗಳ ಮೇಲೆ ಹಾರಿದ ಫ್ರೆಂಚ್ ವೈಮಾನಿಕರೊಬ್ಬರಿದ್ದರು. ಅವರೇ ಆಂತ್ವಾನ್ ದ ಸೇಂತೆಕ್ಸುಪೆರಿ. ಅವರು ಲೇಖಕರು, ಚಿತ್ರಕಾರರು, ಹೊಸ ಉಪಕರಣಗಳನ್ನು ಕಂಡುಹಿಡಿದವರು, ಗಣಿತಪ್ರಿಯರು. ಇಸ್ಪೀಟಿನ ಎಲೆಗಳಿಂದ ಮಿತ್ರರನ್ನು ಬೆರಗುಗೊಳಿಸುವ ಕೈಚಳಕವೂ ಅವರಿಗಿತ್ತು. ಇಷ್ಟೊಂದು ವರಗಳನ್ನು ಪಡೆದವನು ಅವುಗಳಿಗೆ ಹೇಗೆ ಲೆಕ್ಕ ಒಪ್ಪಿಸಬೇಕು ಎಂಬ ಪ್ರಶ್ನೆಗೆ ಅವರ ಬಾಳು ಒಂದು ಉತ್ತರವಾಗಿರುವುದರಿಂದ, ಅದನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಬಯಸುತ್ತೇವೆ.

ಅವರು 1900ರ ಜೂನ್ 29ರಂದು ಲಿಯೋನ್ ನಗರದ ಕುಲೀನ ಕಥೋಲಿಕ ಕುಟುಂಬವೊಂದರಲ್ಲಿ ಜನಿಸಿದರು. ನಾಲ್ಕನೆಯ ವಯಸ್ಸಿಗೇ ತಂದೆಯನ್ನು ಕಳೆದುಕೊಂಡ ಅವರನ್ನೂ ಒಡಹುಟ್ಟಿದ ನಾಲ್ವರನ್ನೂ ತಾಯಿ ಮರೀ ಸಾಕಿ ಬೆಳೆಸಿದರು. ಆಕೆ ಸ್ವತಃ ಚಿತ್ರಕಲೆ, ಸಂಗೀತಗಳನ್ನು ಬಲ್ಲವರು. ಲ ಮಾನ್ಸ್ ಊರಿನಲ್ಲಿ ಯೇಸುಸಭೆಯ ಗುರುಗಳ ಬಳಿಯೂ, ಬಳಿಕ ಸ್ವಿಟ್ಜರ್ಲೆಂಡಿನ ಫ್ರಿಬೂರ್ಗಿನಲ್ಲಿ ಮರಿಯಾನಿಸ್ಟ್ ಸಭೆಯವರ ಬಳಿಯೂ ಅವರ ವ್ಯಾಸಂಗ ನಡೆಯಿತು. 1917ರಲ್ಲಿ ತಮ್ಮ ಫ್ರಾನ್ಸ್ವಾ ಎಳೆಯ ವಯಸ್ಸಿನಲ್ಲೇ ತೀರಿಕೊಂಡನು. ಸಾಯುವ ಮುನ್ನ ಅಣ್ಣನನ್ನು ಕರೆದು, ತನ್ನ ಪುಟ್ಟ ಆಸ್ತಿಯನ್ನೆಲ್ಲ ಶಾಂತಚಿತ್ತದಿಂದ ಅವನಿಗೆ ಒಪ್ಪಿಸಿದ ಆ ಬಾಲಕನನ್ನು ಅಣ್ಣ ಬಾಳಿಡೀ ಮರೆಯಲಿಲ್ಲ. ಯೌವನದಲ್ಲಿ ಅವರು ಧರ್ಮಾಚರಣೆಯಿಂದ ದೂರ ಸರಿದರೆಂಬುದನ್ನು ನಾವು ಮರೆಮಾಚಬೇಕಾಗಿಲ್ಲ. ಆದರೆ ಪರರ ಹೊಣೆ ನನ್ನ ಮೇಲಿದೆ ಎಂಬ ಅರಿವು ಅವರನ್ನು ಬಿಟ್ಟು ಹೋಗಲಿಲ್ಲ.

1926ರಲ್ಲಿ ಅವರು ತೂಲೂಸಿನ ಲಾತೆಕೊಯೇರ್ ಸಂಸ್ಥೆಯನ್ನು ಸೇರಿ, ಆಫ್ರಿಕದ ದಕಾರಿಗೆ ಅಂಚೆ ಸಾಗಿಸುವ ಮಾರ್ಗದಲ್ಲಿ ವಿಮಾನ ನಡೆಸಿದರು. ಮರುವರ್ಷ ಸಹಾರದ ಅಂಚಿನ ಕೇಪ್ ಜೂಬಿ ನಿಲ್ದಾಣದ ಅಧಿಕಾರಿಯಾದರು. ಮರಳಿನಲ್ಲಿ ಇಳಿದು ಸಿಕ್ಕಿಬಿದ್ದ ವೈಮಾನಿಕರನ್ನು ಕಾಪಾಡುವುದು, ಅಲ್ಲಿಯ ಮೂರ್ ಪಂಗಡಗಳೊಡನೆ ಸ್ನೇಹ ಬೆಳೆಸುವುದು ಅವರ ಹಗಲಿನ ಕಾಯಕ. ರಾತ್ರಿ ಹಲಗೆಯ ಗುಡಿಸಲಿನಲ್ಲಿ ಬರವಣಿಗೆ. ಹೀಗೆ ಹುಟ್ಟಿದ್ದೇ 1929ರ ಮೊದಲ ಕಾದಂಬರಿ. 1931ರ 'ರಾತ್ರಿಯ ಹಾರಾಟ'ಕ್ಕೆ ಫೆಮಿನಾ ಬಹುಮಾನವೂ, 1939ರ 'ಮನುಷ್ಯರ ಭೂಮಿ'ಗೆ ಫ್ರೆಂಚ್ ಅಕಾಡೆಮಿಯ ಕಾದಂಬರಿ ಪ್ರಶಸ್ತಿಯೂ ಸಂದವು. ಈ ನಡುವೆ ಚಲನಚಿತ್ರಕ್ಕೆ ಕಥೆ ಬರೆದರು. ವಿಮಾನಯಾನಕ್ಕೆ ಸಂಬಂಧಿಸಿದ ಹತ್ತಕ್ಕೂ ಹೆಚ್ಚು ಪೇಟೆಂಟುಗಳನ್ನು ಪಡೆದರು. 1935ರ ಡಿಸೆಂಬರ್ 30ರಂದು ಪ್ಯಾರಿಸಿನಿಂದ ಸೈಗಾನಿಗೆ ಹಾರುವಾಗ ಅವರ ವಿಮಾನ ಈಜಿಪ್ಟಿನ ಕಡೆಯ ಮರುಭೂಮಿಯಲ್ಲಿ ಬಿದ್ದಿತು. ಯಂತ್ರಕರ್ಮಿ ಪ್ರೆವೋ ಅವರೊಡನೆ ದಿನಗಟ್ಟಲೆ ನೀರಿಲ್ಲದೆ ಅಲೆದು ಸಾವಿನಂಚಿಗೆ ಬಂದಾಗ, ಬೆದೂವಿನ್ ಅಲೆಮಾರಿಯೊಬ್ಬನು ನೀರು ಕೊಟ್ಟು ಬದುಕಿಸಿದನು. ಹೆಸರರಿಯದ ಆ ಮನುಷ್ಯನಲ್ಲಿ ತಾವು ಸಮಸ್ತ ಮಾನವರನ್ನು ಕಂಡೆವೆಂದು ಅವರು ಮುಂದೆ ಬರೆದರು.

1939ರಲ್ಲಿ ಯುದ್ಧ ಆರಂಭವಾದಾಗ ಅವರ ವಯಸ್ಸು ಮೂವತ್ತೊಂಬತ್ತು. ಹಿಂದಿನ ಅಪಘಾತಗಳಿಂದ ದೇಹ ಜರ್ಜರಿತ. ತರಬೇತಿ ನೀಡುವ ಸುರಕ್ಷಿತ ಹುದ್ದೆಯನ್ನು ಒಲ್ಲದೆ, ಹಟ ಹಿಡಿದು 2/33ನೆಯ ವೀಕ್ಷಣಾ ದಳವನ್ನು ಸೇರಿದರು. ಮೂರು ವಾರಗಳಲ್ಲಿ ಆ ದಳದ ಇಪ್ಪತ್ತಮೂರು ತಂಡಗಳಲ್ಲಿ ಹದಿನೇಳು ಇಲ್ಲವಾದವೆಂದು ಅವರೇ ಬರೆದಿದ್ದಾರೆ. 1940ರ ಮೇ 23ರಂದು ಉರಿಯುತ್ತಿದ್ದ ಆರಾಸ್ ನಗರದ ಮೇಲೆ ಹಾರಿ ಮರಳಿದ ಅನುಭವವೇ 1942ರ 'ಯುದ್ಧ ವೈಮಾನಿಕ' ಕೃತಿಗೆ ಮೂಲ.

ಫ್ರಾನ್ಸ್ ಸೋತ ಬಳಿಕ ಅವರು ನ್ಯೂಯಾರ್ಕಿನಲ್ಲಿ ನೆಲೆಸಿ 'ಪುಟ್ಟ ರಾಜಕುಮಾರ'ನನ್ನು ಬರೆದರು. ಅದರ ಜಲವರ್ಣ ಚಿತ್ರಗಳನ್ನೂ ತಾವೇ ರಚಿಸಿದರು. ಮಕ್ಕಳ ಆ ಪುಸ್ತಕವನ್ನು ಅವರು ಅರ್ಪಿಸಿದ್ದು ಫ್ರಾನ್ಸಿನಲ್ಲಿ ಹಸಿವು, ಚಳಿಗಳನ್ನು ಅನುಭವಿಸುತ್ತಿದ್ದ ಯೆಹೂದ್ಯ ಮಿತ್ರ ಲೆಯೋನ್ ವೆರ್ಥ್ ಅವರಿಗೆ. ಇಂದು ಅದು ಐನೂರಕ್ಕೂ ಹೆಚ್ಚು ಭಾಷೆ, ಉಪಭಾಷೆಗಳಲ್ಲಿದೆ. 1943ರ ಏಪ್ರಿಲಿನಲ್ಲಿ ಪುಸ್ತಕ ಪ್ರಕಟವಾಯಿತು. ಅದೇ ತಿಂಗಳು ಗ್ರಂಥಕರ್ತರು ಮತ್ತೆ ಯುದ್ಧಕ್ಕೆಂದು ಉತ್ತರ ಆಫ್ರಿಕಕ್ಕೆ ಹಡಗು ಹತ್ತಿದರು.

ಕೀರ್ತಿ ಇತ್ತು, ಆಶ್ರಯವಿತ್ತು. ಅಲ್ಲಿಯೇ ಉಳಿದಿದ್ದರೆ ಯಾರೂ ದೂಷಿಸುತ್ತಿರಲಿಲ್ಲ. ಲೈಟ್ನಿಂಗ್ ವಿಮಾನ ನಡೆಸುವ ವಯೋಮಿತಿಯನ್ನು ಎಂದೋ ದಾಟಿದ್ದ ಅವರು, ವಿಮಾನದ ಉಡುಪು ಧರಿಸಲು ಪರರ ನೆರವು ಬೇಕಾಗಿದ್ದ ಸ್ಥಿತಿಯಲ್ಲೂ ಅನುಮತಿಗಾಗಿ ಬೇಡಿದರು. 1944ರ ಜುಲೈ 31ರ ಬೆಳಿಗ್ಗೆ ಕಾರ್ಸಿಕ ದ್ವೀಪದ ಬೋರ್ಗೊದಿಂದ ಹೊರಟವರು ಹಿಂದಿರುಗಲಿಲ್ಲ. ಎರಡು ವಾರಗಳಲ್ಲಿ ಮಿತ್ರಸೇನೆ ದಕ್ಷಿಣ ಫ್ರಾನ್ಸಿನಲ್ಲಿ ಇಳಿಯಿತು. 1998ರಲ್ಲಿ ಮಾರ್ಸೇಯ ಬಳಿ ಬೆಸ್ತರ ಬಲೆಗೆ ಅವರ ಹೆಸರಿದ್ದ ಬೆಳ್ಳಿಯ ಕೈಸರ ಸಿಕ್ಕಿತು. 2000ದಲ್ಲಿ ಸಮುದ್ರದಡಿ ಕಂಡ ವಿಮಾನದ ಅವಶೇಷ ಅವರದೇ ಎಂದು 2004ರಲ್ಲಿ ದೃಢವಾಯಿತು.

ಬೋರ್ಗೊದಿಂದ ಅವರು ತಾಯಿಗೆ ಬರೆದ ಕೊನೆಯ ಪತ್ರ ಆಕೆಯ ಕೈ ಸೇರಿದ್ದು ಒಂದು ವರ್ಷದ ಮೇಲೆ, 1945ರಲ್ಲಿ. ಬಾಳಿನ ಮೊದಲಲ್ಲಿ ಪತ್ರಗಳ ಚೀಲ ಹೊತ್ತು ಮರುಭೂಮಿ ದಾಟಿದವರ ಸ್ವಂತ ಪತ್ರವೇ ಹೀಗೆ ತಡವಾಯಿತು.

ಐದು ತಲೆಂತು ಪಡೆದವನು ಅವನ್ನು ನೆಲದಲ್ಲಿ ಹೂಳಲಿಲ್ಲವೆಂದು ಶುಭಸಂದೇಶದ ಸಾಮತಿ ಹೇಳುತ್ತದೆ. ಸೇಂತೆಕ್ಸುಪೆರಿಯವರು ಬರೆದದ್ದು, ಬಣ್ಣ ಬಳಿದದ್ದು, ಹಾರಿದ್ದು ಬೇರೆ ಬೇರೆ ಹವ್ಯಾಸಗಳಾಗಿರಲಿಲ್ಲ. ಅವೆಲ್ಲವೂ ನೆರೆಯವನ ಸೇವೆಯೆಂಬ ಒಂದೇ ಋಣದ ಕಂತುಗಳಾಗಿದ್ದವು. ಹಾಡಬಲ್ಲವರು, ಬರೆಯಬಲ್ಲವರು, ಕಟ್ಟಬಲ್ಲವರು ನಮ್ಮ ನಡುವೆಯೂ ಇದ್ದಾರೆ. ಅವರವರ ವರ ಯಾರಿಗಾಗಿ ಎಂಬುದನ್ನು ನಾವೆಲ್ಲರೂ ಕೇಳಿಕೊಳ್ಳುವುದು ಲೇಸು.