ಕಟ್ಟಿಹಾಕಿದ ವಾಲ್ವು: ದೇವಾಲದ ಸುರಂಗದಿಂದ ರಾಯಚೂರಿನ ಟರ್ಬೈನ್‌ವರೆಗೆ

ಗೂಡಲೂರಿನಿಂದ ನಾಡುಗಾಣಿ ದಾಟಿ ದೇವಾಲ, ಪಂದಲೂರಿನ ಕಡೆಗೆ ಹೊರಟರೆ ಚಹಾ ತೋಟಗಳ ನಡುವೆ ಅಲ್ಲಲ್ಲಿ ಹಳೆಯ ಚಿನ್ನದ ಸುರಂಗಗಳು ಸಿಗುತ್ತವೆ. ಮಕ್ಕಳಿಗೆ ಅವು ಗೊತ್ತು, ಒಳಗೆ ಹೋಗಬಾರದೆಂಬುದೂ ಗೊತ್ತು. ಆದರೆ ಆ ಸುರಂಗಗಳ ಜೊತೆಗೆ ಈ ಬೆಟ್ಟಕ್ಕೆ ಇನ್ನೊಂದು ವಸ್ತು ಬಂದಿತ್ತೆಂಬುದನ್ನು ನಾವು ತರಗತಿಯಲ್ಲಿ ಹೇಳುವುದು ಕಡಿಮೆ. ಅದು ಉಗಿ. ಇವತ್ತು ಅದರ ಕತೆ ಹೇಳೋಣ. ಹೇಳುವುದಕ್ಕೆ ಒಂದು ಕಾರಣವೂ ಇದೆ, ಅದು ಕೊನೆಯಲ್ಲಿ.

ಚಿನ್ನದ ಹುಚ್ಚು

ಈಗಿನ ಗೂಡಲೂರು, ಪಂದಲೂರು ಸೀಮೆಗೆ ಆಗ ಆಗ್ನೇಯ ವಯನಾಡು ಎಂಬ ಹೆಸರಿತ್ತು. 1877ರವರೆಗೆ ಅದು ಮಲಬಾರ್ ಜಿಲ್ಲೆಯ ಭಾಗ. ಆ ವರ್ಷ ನೀಲಗಿರಿಗೆ ಸೇರಿತು. ಇಲ್ಲಿನ ಹೊಳೆ ಮರಳಿನಲ್ಲಿ ಚಿನ್ನ ಜಾಲಿಸುವುದು ಸ್ಥಳೀಯರಿಗೆ ಮೊದಲಿನಿಂದಲೂ ಗೊತ್ತಿದ್ದ ಕಸುಬು. 1874ರ ಸುಮಾರಿಗೆ ದೇವಾಲದ ಬಳಿ ಆಲ್ಫಾ ಎಂಬ ಕಂಪನಿ ಬಂಡೆಯೊಡೆದು ಚಿನ್ನ ತೆಗೆಯಲು ಹೊರಟಿತು. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಗಣಿ ಇಲಾಖೆ ನೋಡಿಕೊಂಡಿದ್ದ ಬ್ರೋ ಸ್ಮಿತ್ ಎಂಬಾತನನ್ನು ಸರ್ಕಾರ ಕರೆಸಿ ವರದಿ ಬರೆಸಿತು. ವರದಿ ಆಶಾದಾಯಕವಾಗಿತ್ತು. ಅಷ್ಟೇ ಸಾಕಾಯಿತು. 1880-81ರ ಹೊತ್ತಿಗೆ ಲಂಡನ್ನಿನಲ್ಲಿ ಡಜನ್‌ಗಟ್ಟಲೆ ಕಂಪನಿಗಳು ಹುಟ್ಟಿ, ಲಕ್ಷಾಂತರ ಪೌಂಡು ಬಂಡವಾಳ ಹರಿದು ಬಂತು. ಬಂಡೆ ಕುಟ್ಟುವ ಯಂತ್ರಗಳು, ಅವನ್ನು ಓಡಿಸುವ ಉಗಿ ಇಂಜಿನ್ನುಗಳು ಹಡಗೇರಿ ಬಂದು ಘಾಟಿ ಹತ್ತಿದವು.

ಆದರೆ ಚಿನ್ನ ಬೇಕಾದಷ್ಟು ಸಿಗಲಿಲ್ಲ. ಕೆಲವೇ ವರ್ಷಗಳಲ್ಲಿ ಕಂಪನಿಗಳು ಒಂದೊಂದಾಗಿ ಮುಳುಗಿದವು. ಗಣಿಯವರು ಹೋದರು, ತೋಟದವರು ಉಳಿದರು. ಅದೇ 1880ರ ದಶಕದಲ್ಲಿ ನಮ್ಮ ಕೋಲಾರದಲ್ಲಿ ಅದೃಷ್ಟ ಖುಲಾಯಿಸಿತು. ಅಲ್ಲಿಯೂ ಮೊದಲು ಉಗಿಯದೇ ಕಾರುಬಾರು. ಸುತ್ತಲ ಕಾಡು ಸೌದೆಯಾಗಿ ಬಾಯ್ಲರಿನ ಹೊಟ್ಟೆ ಸೇರುತ್ತಿತ್ತು. 1902ರಲ್ಲಿ ಶಿವನಸಮುದ್ರದಿಂದ 92 ಮೈಲಿ ದೂರ ತಂತಿ ಎಳೆದು ಕೋಲಾರಕ್ಕೆ ವಿದ್ಯುತ್ ತಂದರು. ನಮ್ಮ ನೀಲಗಿರಿಯಲ್ಲಿಯೂ 1932ರಲ್ಲಿ ಪೈಕಾರಾದ ನೀರು ಸಿಂಗಾರದ ವಿದ್ಯುದಾಗಾರಕ್ಕೆ ಇಳಿಯಿತು. ಹೀಗೆ ಬೆಟ್ಟದಲ್ಲಿ ಉಗಿಗೆ ಕೆಲಸ ಕಡಿಮೆಯಾಯಿತು. ಮೆಟ್ಟುಪಾಳ್ಯದಿಂದ ಕೂನೂರಿಗೆ ಏರುವ ಪುಟ್ಟ ರೈಲಿನ ಇಂಜಿನ್ನು ನಿಲ್ದಾಣದಲ್ಲಿ ನಿಂತು ಬುಸ್ಸೆನ್ನುವಾಗ ಮಾತ್ರ ಆ ಕಾಲ ನೆನಪಾಗುತ್ತದೆ.

ಹಾವುಮೀನು ಹಿಡಿಯಲು ಹೋದ ಹುಡುಗ

ಉಗಿಯ ಚರಿತ್ರೆಯೆಂದರೆ ನಮ್ಮ ಪಠ್ಯದಲ್ಲಿ ಜೇಮ್ಸ್ ವಾಟ್ ಮತ್ತು ಕೆಟಲ್ಲಿನ ಮುಚ್ಚಳ. ಅದಕ್ಕೂ ತೊಂಬತ್ತು ವರ್ಷ ಹಿಂದೆ, 1679ರಲ್ಲಿ, ಡೆನಿಸ್ ಪಾಪಿನ್ ಎಂಬ ಫ್ರೆಂಚ್ ವೈದ್ಯ ಮೂಳೆ ಬೇಯಿಸಲು ಒಂದು ಬಿಗಿಮುಚ್ಚಳದ ಪಾತ್ರೆ ಮಾಡಿದ್ದ. ಒಳಗಿನ ಒತ್ತಡ ಹೆಚ್ಚಾದರೆ ಪಾತ್ರೆ ಸಿಡಿಯುತ್ತದೆಂದು ಗೊತ್ತಾಗಿ ಅದಕ್ಕೊಂದು ತೂಕದ ವಾಲ್ವು ಇಟ್ಟ. ಒತ್ತಡ ಮಿತಿ ಮೀರಿದರೆ ತೂಕ ಮೇಲೇಳುತ್ತದೆ, ಉಗಿ ಹೊರಹೋಗುತ್ತದೆ. ನಮ್ಮ ಅಡುಗೆಮನೆಯ ಕುಕ್ಕರಿನ ವಿಷಲ್ಲು ಇದರ ಮೊಮ್ಮಗು!

ಇನ್ನೊಂದು ಕತೆ 1803ರ ಸೆಪ್ಟೆಂಬರಿನದು. ರಿಚರ್ಡ್ ಟ್ರೆವಿಥಿಕ್ ಎಂಬ ಇಂಗ್ಲಿಷ್ ಇಂಜಿನಿಯರ್ ಹೆಚ್ಚು ಒತ್ತಡದ ಉಗಿ ಇಂಜಿನ್ನುಗಳನ್ನು ಮಾಡುತ್ತಿದ್ದ. ಲಂಡನ್ನಿನ ಬಳಿ ಗ್ರೀನಿಚ್‌ನಲ್ಲಿ ಅವನದೊಂದು ಇಂಜಿನ್ನು ನೀರೆತ್ತುತ್ತಿತ್ತು. ನೋಡಿಕೊಳ್ಳಬೇಕಾದ ಹುಡುಗ ಹಾವುಮೀನು ಹಿಡಿಯಲು ಹೋಗಿ, ಪಕ್ಕದ ಕೂಲಿಯಾಳಿಗೆ ಇಂಜಿನ್ನು ಒಪ್ಪಿಸಿದ. ಇಂಜಿನ್ನು ಜೋರಾಗಿ ಓಡುತ್ತಿದೆಯೆಂದು ಆ ಕೂಲಿಯಾಳು ಅದನ್ನು ನಿಲ್ಲಿಸಿದ. ಉಗಿ ಹೊರಹೋಗಲು ದಾರಿ ಇರಲಿಲ್ಲ. ಬಾಯ್ಲರು ಸಿಡಿದು ನಾಲ್ವರು ಸತ್ತರು. ಅಂದಿನಿಂದ ಟ್ರೆವಿಥಿಕ್ ಎರಡು ವಾಲ್ವು ಇಟ್ಟ, ಅದರಲ್ಲಿ ಒಂದು ಕೆಲಸಗಾರನ ಕೈಗೆ ಸಿಗದಂತೆ. ಜೊತೆಗೆ ಬಿಸಿ ಮಿತಿಮೀರಿದರೆ ಕರಗಿ ದಾರಿ ಬಿಡುವ ಸೀಸದ ಬಿರಡೆಯನ್ನೂ ಇಟ್ಟ. ಕುಕ್ಕರಿನ ಮುಚ್ಚಳದಲ್ಲಿರುವ ಸಣ್ಣ ಸೇಫ್ಟಿ ವಾಲ್ವು ಮಾಡುವುದೂ ಇದೇ ಕೆಲಸ.

ನೂರು ವರ್ಷಗಳ ಬಾಯ್ಲರು ಅಪಘಾತಗಳನ್ನು ತೆಗೆದು ನೋಡಿದರೆ ಒಂದೇ ಮಾತು ಮತ್ತೆ ಮತ್ತೆ ಬರುತ್ತದೆ: ವಾಲ್ವಿಗೆ ಹೆಚ್ಚು ತೂಕ ಹೇರಿದ್ದರು, ವಾಲ್ವು ಕಟ್ಟಿಹಾಕಿದ್ದರು. ಕೆಲಸ ಬೇಗ ಆಗಲಿ ಎಂಬ ಆತುರ!

ನಮ್ಮ ದೇಶದಲ್ಲಿ ಕಾನೂನು ಬಂದದ್ದೂ ಸಾವಿನ ಹಿಂದೆಯೇ. 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರು ಸಿಡಿದು ಜನ ಸತ್ತರು. 1864ರಲ್ಲಿ ಬಂಗಾಳದಲ್ಲಿ ಬಾಯ್ಲರು ತಪಾಸಣೆಯ ಕಾಯ್ದೆ ಬಂತು. ಆಮೇಲೆ ಒಂದೊಂದು ಪ್ರಾಂತ್ಯಕ್ಕೆ ಒಂದೊಂದು ಕಾಯ್ದೆ. ಎಲ್ಲವನ್ನೂ ಒಂದು ಮಾಡಿ 1923ರಲ್ಲಿ ಭಾರತೀಯ ಬಾಯ್ಲರು ಕಾಯ್ದೆ ಮಾಡಿದರು. ನೂರು ವರ್ಷ ನಡೆದ ಆ ಕಾಯ್ದೆಯ ಜಾಗಕ್ಕೆ 2025ರಲ್ಲಿ ಹೊಸ ಬಾಯ್ಲರು ಕಾಯ್ದೆ ಬಂದಿದೆ. ಸೇಫ್ಟಿ ವಾಲ್ವು ಕೆಲಸ ಮಾಡದಂತೆ ಕೆಡಿಸುವುದು ಹಳೆಯ ಕಾಯ್ದೆಯಲ್ಲಿಯೂ ಅಪರಾಧ, ಹೊಸದರಲ್ಲಿಯೂ ಅಪರಾಧ.

ರಾಯಚೂರಿಗೆ ಬರೋಣ

ಬೆಟ್ಟದಲ್ಲಿ ಉಗಿ ಹಿಂದೆ ಸರಿದರೂ ಬಯಲಿನಲ್ಲಿ ಅದು ದೈತ್ಯವಾಗಿ ಬೆಳೆಯಿತು. ಕರ್ನಾಟಕದ ಮೊದಲ ದೊಡ್ಡ ಶಾಖೋತ್ಪನ್ನ ಕೇಂದ್ರ ಕೃಷ್ಣಾ ನದಿಯ ದಂಡೆಯ ಶಕ್ತಿನಗರದ್ದು. ರಾಯಚೂರಿನ ಈ ಕೇಂದ್ರದ ಮೊದಲ ಘಟಕ 210 ಮೆಗಾವ್ಯಾಟಿನದು, ಶುರುವಾದದ್ದು 1985ರಲ್ಲಿ. ಮುಂದೆ ಎಂಟು ಘಟಕಗಳಾಗಿ ಒಟ್ಟು 1720 ಮೆಗಾವ್ಯಾಟ್ ಆಯಿತು. ಬಳ್ಳಾರಿಯ ಕುಡತಿನಿಯಲ್ಲಿ 500 ಮೆಗಾವ್ಯಾಟಿನ ಎರಡು, 700ರದ್ದು ಒಂದು. ರಾಯಚೂರಿನ ಪಕ್ಕದ ಯರಮರಸ್‌ನಲ್ಲಿ 800ರ ಎರಡು ಘಟಕಗಳು ಬಂದವು.

ಇಂಥ ಘಟಕ ಕಟ್ಟಿ ಮುಗಿದ ಕೂಡಲೇ ಸ್ವಿಚ್ಚು ಒತ್ತಿ ಶುರು ಮಾಡಲಾಗುವುದಿಲ್ಲ. ಬಾಯ್ಲರಿನಿಂದ ಟರ್ಬೈನಿಗೆ ಹೋಗುವ ಕೊಳವೆಗಳನ್ನು ನೂರಾರು ಕಡೆ ಬೆಸುಗೆ ಹಾಕಿ ಜೋಡಿಸಿರುತ್ತಾರೆ. ಒಳಗೆ ಬೆಸುಗೆಯ ಚೂರು, ತುಕ್ಕು, ಮರಳು, ಕೆಲವೊಮ್ಮೆ ಯಾರೋ ಮರೆತ ಬೋಲ್ಟು ಇರುತ್ತವೆ. ಟರ್ಬೈನಿನ ಅಲಗುಗಳು ನಿಮಿಷಕ್ಕೆ 3000 ಸುತ್ತು ತಿರುಗುತ್ತವೆ. ಸುಮಾರು 540 ಡಿಗ್ರಿ ಬಿಸಿಯ ಉಗಿಯ ಜೊತೆ ಒಂದು ಚೂರು ಬಂದು ಹೊಡೆದರೂ ಗುಂಡು ಹೊಡೆದಂತೆ. ಆದ್ದರಿಂದ ಮೊದಲು ರಾಸಾಯನಿಕಗಳಿಂದ ತೊಳೆದು, ಆಮೇಲೆ ಉಗಿಯನ್ನೇ ರಭಸವಾಗಿ ಊದಿ ಕಸವನ್ನು ಹೊರಗೆ ತಳ್ಳುತ್ತಾರೆ. ಸ್ಟೀಮ್ ಬ್ಲೋಯಿಂಗ್ ಎಂದು ಇದರ ಹೆಸರು. ಊದುವ ದಿನಗಳಲ್ಲಿ ಆ ಸದ್ದು ಬಹು ದೂರದ ಊರುಗಳಿಗೂ ಕೇಳುತ್ತದೆ. ಮೊದಲೇ ಊರವರಿಗೆ ತಿಳಿಸಬೇಕು, ಕೊಳವೆಯ ಬಾಯಿಗೆ ಸೈಲೆನ್ಸರ್ ಕೂರಿಸಬೇಕು.

ಊದುವುದು ಕೆಲವು ನಿಮಿಷದ ಮಾತು. ಅದಕ್ಕೆ ವಾಲ್ವುಗಳನ್ನು ಸಜ್ಜು ಮಾಡುವುದೇ ದೊಡ್ಡ ಕೆಲಸ.

ಟರ್ಬೈನಿನ ಮುಂದಿನ ಸ್ಟಾಪ್ ವಾಲ್ವು, ಕಂಟ್ರೋಲ್ ವಾಲ್ವುಗಳ ಮೇಲ್ಮುಚ್ಚಳ ಬಿಚ್ಚಿ ಒಳಗಿನ ಭಾಗಗಳನ್ನು ಹೊರತೆಗೆಯಬೇಕು. ಇಲ್ಲದಿದ್ದರೆ ಹಾರಿಬರುವ ಕಸ ಅವುಗಳ ನುಣುಪಾದ ಕೂರುಜಾಗವನ್ನೇ ಕೆತ್ತಿಬಿಡುತ್ತದೆ. ಟರ್ಬೈನಿನ ಕಡೆಯ ಬಾಯಿಯನ್ನು ಭದ್ರವಾಗಿ ಮುಚ್ಚಿ, ಅಲ್ಲಿಂದ ಹೊರಗೆ ತಾತ್ಕಾಲಿಕ ಕೊಳವೆ ಜೋಡಿಸಬೇಕು. ಉಗಿ ಹಿಂದಕ್ಕೆ ಬರದಂತೆ ತಡೆಯುವ ವಾಲ್ವುಗಳ ಬಾಗಿಲು ತೆಗೆಯಬೇಕು. ಹರಿವು ಅಳೆಯುವ ತಟ್ಟೆಗಳನ್ನು ಇನ್ನೂ ಕೂರಿಸಬಾರದು. ತೆಗೆದ ಪ್ರತಿ ಭಾಗಕ್ಕೂ ನಂಬರು, ಪೆಟ್ಟಿಗೆ, ಪಟ್ಟಿ. ಬಿಚ್ಚಿದ ಬಾಯಿಯನ್ನು ಒಂದು ಗಂಟೆಯೂ ತೆರೆದಿಡಬಾರದು. ಕೈಯೊರೆಸುವ ಬಟ್ಟೆಯೊಂದು ಒಳಗೆ ಬಿದ್ದರೂ ಇಡೀ ಕೆಲಸ ಹಾಳು.

ಇದಕ್ಕೂ ಮೊದಲು ನೀರು ತುಂಬಿ ಒತ್ತಡದ ಪರೀಕ್ಷೆ ನಡೆದಿರುತ್ತದೆ. ಆ ಪರೀಕ್ಷೆಗೆ ಸೇಫ್ಟಿ ವಾಲ್ವುಗಳು ತೆರೆಯದಂತೆ ಬಿಗಿದಿರುತ್ತಾರೆ. ಬೆಂಕಿ ಹಚ್ಚುವ ಮೊದಲು ಆ ಬಿಗಿತವನ್ನು ಒಂದೊಂದಾಗಿ ಎಣಿಸಿ ತೆಗೆಯಲೇಬೇಕು. ಒಂದನ್ನು ಮರೆತರೂ ನಾವು 1803ರ ಗ್ರೀನಿಚ್‌ಗೆ ವಾಪಸು ಹೋದಂತೆ! ಇನ್ನೂರು ವರ್ಷ ಕಳೆದರೂ ಕಟ್ಟಿಹಾಕಿದ ವಾಲ್ವಿನ ಪಾಠ ಹಳತಾಗಿಲ್ಲ.

ಆಮೇಲೆ ಕೊಳವೆಗಳನ್ನು ನಿಧಾನ ಬಿಸಿ ಮಾಡುತ್ತಾ ತಗ್ಗಿನಲ್ಲಿ ನಿಂತ ನೀರನ್ನು ಪೂರ್ತಿ ಇಳಿಸಬೇಕು. ನೀರು ನಿಂತಿರುವಲ್ಲಿ ಉಗಿ ನುಗ್ಗಿದರೆ ಆ ನೀರು ಸುತ್ತಿಗೆಯಂತೆ ಹೊಡೆದು ಕೊಳವೆಯನ್ನೇ ಸೀಳಬಲ್ಲದು. ಬಾಯ್ಲರಿನಲ್ಲಿ ಒತ್ತಡ ಏರಿಸಿ, ಇಂಥ 210 ಮೆಗಾವ್ಯಾಟ್ ಘಟಕಗಳಲ್ಲಿ ಚದರ ಸೆಂಟಿಮೀಟರಿಗೆ 40 ಕಿಲೋದ ಆಸುಪಾಸು, ವಾಲ್ವನ್ನು ಒಮ್ಮೆಲೇ ತೆರೆಯುತ್ತಾರೆ. ದೀಪಾವಳಿಯ ರಾಕೆಟ್ಟು ಹಿಂದಕ್ಕೆ ಉಗುಳಿ ಮುಂದಕ್ಕೆ ಹಾರುವುದಿಲ್ಲವೆ? ಹಾಗೆಯೇ ತಾತ್ಕಾಲಿಕ ಕೊಳವೆಯೂ ಹಿಂದಕ್ಕೆ ಒದೆಯುತ್ತದೆ. ಆಧಾರ ಗಟ್ಟಿಯಿರಬೇಕು, ಸುತ್ತ ಯಾರೂ ಇರಬಾರದು. ಊದುವ ದಾರಿಯಲ್ಲಿ ನುಣುಪಾದ ಲೋಹದ ಪಟ್ಟಿಯೊಂದನ್ನು ಇಟ್ಟು, ಅದರ ಮೇಲೆ ಬಿದ್ದ ಚೂರಿನ ಗುರುತುಗಳನ್ನು ಎಣಿಸುತ್ತಾರೆ. ಗುರುತುಗಳು ನಿಗದಿಯಷ್ಟು ಕಡಿಮೆಯಾಗುವ ತನಕ ಮತ್ತೆ ಮತ್ತೆ ಊದಬೇಕು. ಕೊನೆಗೆ ಎಲ್ಲವನ್ನೂ ತಣಿಸಿ, ಪಟ್ಟಿ ಹಿಡಿದು, ತೆಗೆದದ್ದನ್ನೆಲ್ಲ ವಾಪಸು ಜೋಡಿಸಬೇಕು.

ನಮ್ಮ ಹುಡುಗ

ಈಗ ಕಾರಣ ಹೇಳುತ್ತೇವೆ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಗುತ್ತಿಗೆದಾರರ ಜೊತೆ ಇಂಥ ಕೆಲಸಕ್ಕೆ ಹೋಗಿದ್ದ. ಎಲ್ಲಿ ಎಂಬುದು ಬೇಡ. ಹಬ್ಬಕ್ಕೆ ಊರಿಗೆ ಬಂದವನು ಶಾಲೆಗೂ ಬಂದ. ಮುಂಗೈ ಮೇಲೆ ಸುಟ್ಟ ಕಲೆ.

"ಏನಪ್ಪಾ ಇದು?"

"ವಾಲ್ವ್ ಬಿಚ್ಚೋಕೆ ಹೋಗಿದ್ದೆ ಸಾರ್. ಲೈನಲ್ಲಿ ಏನೂ ಇಲ್ಲ ಅಂದಿದ್ರು. ಗೇಜೂ ಸೊನ್ನೆ ತೋರಿಸ್ತಿತ್ತು."

ಪಕ್ಕದ ವಾಲ್ವಿಗೆ ಒಂದು ಕೆಂಪು ಚೀಟಿ ಕಟ್ಟಿತ್ತಂತೆ. ಅದರ ಮೇಲಿದ್ದದ್ದು ಇಂಗ್ಲಿಷು, ಹಿಂದಿ. ಇವನಿಗೆ ಕನ್ನಡವೂ ತಮಿಳೂ ಚೆನ್ನಾಗಿ ಓದಲು ಬರುತ್ತದೆ. ಆ ಚೀಟಿ ಮಾತ್ರ ಓದಲಾಗಲಿಲ್ಲ, ಕೇಳಲು ನಾಚಿಕೆ. ಬೋಲ್ಟು ಸಡಿಲಿಸಿದಾಗ ಒಳಗೆ ಉಳಿದಿದ್ದ ಕುದಿನೀರು ಚಿಮ್ಮಿತು. ಹಿಂದೆ ನಿಂತಿದ್ದ ವಯಸ್ಸಾದ ಮೇಸ್ತ್ರಿ ಕಾಲರ್ ಹಿಡಿದು ಎಳೆಯದಿದ್ದರೆ ಮುಖಕ್ಕೇ ಬೀಳುತ್ತಿತ್ತು.

ಆ ಮೇಸ್ತ್ರಿ ಆಮೇಲೆ ಅವನಿಗೆ ಕಲಿಸಿದ್ದನ್ನು ನಾವು ಕೇಳಿ ಬರೆದುಕೊಂಡೆವು. ಗೇಜು ಸೊನ್ನೆ ತೋರಿಸಿದರೆ ನಂಬಬೇಡ, ಗೇಜೂ ಕೆಟ್ಟಿರಬಹುದು; ಡ್ರೈನ್ ತೆರೆದು ಏನೂ ಬರುತ್ತಿಲ್ಲವೆಂದು ಕಣ್ಣಾರೆ ನೋಡು. ಒಂದು ವಾಲ್ವು ಮುಚ್ಚಿದರೆ ಸಾಲದು. ಎರಡು ಮುಚ್ಚಿ ನಡುವಿನ ಡ್ರೈನ್ ತೆರೆದಿಡು, ಬೀಗ ಹಾಕಿ ಚೀಟಿ ಕಟ್ಟು. ಬಿಚ್ಚುವಾಗ ನಿನ್ನಿಂದ ದೂರದ ಬೋಲ್ಟು ಮೊದಲು ಸಡಿಲಿಸು, ಮುಖ ಪಕ್ಕಕ್ಕಿರಲಿ. ಬರೆದ ಪರವಾನಗಿ ಇಲ್ಲದೆ ಕೈ ಹಾಕಬೇಡ. ಮತ್ತು ಕೊನೆಯದು: ಓದಲು ಬಾರದ್ದನ್ನು ಕೇಳು.

ಇನ್ನೊಂದು ಮಾತನ್ನು ನಾವೇ ಸೇರಿಸುತ್ತೇವೆ. ಬಿಳಿಯಾಗಿ ಕಾಣುವುದು ನಿಜವಾದ ಉಗಿಯಲ್ಲ, ತಣಿದ ನೀರಿನ ಹನಿಗಳು. ಕೆಟಲ್ಲಿನ ಮೂತಿಯ ತುದಿಯಲ್ಲಿ ಏನೂ ಕಾಣದ ಜಾಗವಿರುತ್ತದಲ್ಲ, ಉಗಿ ಇರುವುದು ಅಲ್ಲಿ. ಹೆಚ್ಚು ಬಿಸಿಯ ಉಗಿ ಕೊಳವೆಯಿಂದ ಸೋರಿದರೆ ಕಾಣುವುದೇ ಇಲ್ಲ, ಸದ್ದು ಮಾತ್ರ. ಇದನ್ನು ದೂರ ನಿಂತು ತರಗತಿಯಲ್ಲಿ ತೋರಿಸಬಹುದು.

ಇದು ದೂರದ ಕತೆಯಲ್ಲ. 2017ರ ನವೆಂಬರ್ 1ರಂದು ಉತ್ತರ ಪ್ರದೇಶದ ಉಂಚಾಹಾರದಲ್ಲಿ, ಆ ವರ್ಷವಷ್ಟೇ ಓಡಲು ತೊಡಗಿದ್ದ 500 ಮೆಗಾವ್ಯಾಟ್ ಘಟಕದ ಬಾಯ್ಲರು ಸ್ಫೋಟಗೊಂಡು 30ಕ್ಕೂ ಹೆಚ್ಚು ಜನ ಸತ್ತರು. ನಮ್ಮದೇ ರಾಜ್ಯದ ನೈವೇಲಿಯಲ್ಲಿ 2020ರ ಮೇ ಮತ್ತು ಜುಲೈ ತಿಂಗಳಲ್ಲಿ ಎರಡು ಅವಘಡಗಳಾದವು. ಜುಲೈ 1ರಂದು ಆರು ಮಂದಿ ಅಂದೇ ತೀರಿಕೊಂಡರು, ಮುಂದಿನ ದಿನಗಳಲ್ಲಿ ಸಂಖ್ಯೆ ಏರಿತು. ಕಾರಣಗಳು ಬೇರೆ ಬೇರೆ. ಆದರೆ ಸತ್ತವರಲ್ಲಿ ಗುತ್ತಿಗೆ ಕಾರ್ಮಿಕರು ಬಹಳ, ಅಂದರೆ ನಮ್ಮ ಶಾಲೆಗಳಂಥ ಶಾಲೆಗಳಿಂದ ಹೋದವರು.

ಗಡಿಯಾಚೆ ಕನ್ನಡ ಕಲಿಸುವ ನಮ್ಮನ್ನು "ಈ ಭಾಷೆ ಕಲಿತು ಏನು ಪ್ರಯೋಜನ?" ಎಂದು ಕೇಳುವವರಿದ್ದಾರೆ. ಆ ಹುಡುಗನ ಕೈ ನೋಡಿದ ದಿನ ನಮಗೆ ನಾವೇ ಬೇರೆ ಪ್ರಶ್ನೆ ಕೇಳಿಕೊಂಡೆವು: ವಾಲ್ವು, ಗೇಜು, ಡ್ರೈನು, ಪರವಾನಗಿ ಎಂಬ ಮಾತುಗಳನ್ನು ನಾವು ಅವನಿಗೆ ಕನ್ನಡದಲ್ಲಿ ಕಲಿಸಿದ್ದೆವೆ? ಎಚ್ಚರಿಕೆ ಚೀಟಿಯ ನಾಲ್ಕು ಇಂಗ್ಲಿಷ್ ಪದಗಳನ್ನಾದರೂ? ಕಲಿಸಿರಲಿಲ್ಲ. ವಾಟ್ ಮತ್ತು ಕೆಟಲ್ಲಿನ ಕತೆ ಹೇಳಿ ಪಾಠ ಮುಗಿಸಿದ್ದೆವು.

ಈಗ ಎಂಟನೆಯ ತರಗತಿಯಲ್ಲಿ ಉಗಿಯ ಪಾಠಕ್ಕೆ ಎರಡು ಪಿರಿಯಡ್ ಹೆಚ್ಚು ತೆಗೆದುಕೊಳ್ಳುತ್ತೇವೆ. ಒಂದರಲ್ಲಿ ದೇವಾಲದ ಗಣಿ, ಗ್ರೀನಿಚ್‌ನ ಹುಡುಗ. ಇನ್ನೊಂದರಲ್ಲಿ ಮೇಸ್ತ್ರಿಯ ಮಾತುಗಳು. ಕೆಂಪು ರಟ್ಟಿನಲ್ಲಿ ಮಕ್ಕಳಿಂದಲೇ ಚೀಟಿ ಮಾಡಿಸಿ, ಕನ್ನಡ, ತಮಿಳು, ಇಂಗ್ಲಿಷ್ ಮೂರರಲ್ಲೂ "ತೆರೆಯಬೇಡಿ, ಕೆಲಸ ನಡೆಯುತ್ತಿದೆ" ಎಂದು ಬರೆಸಿ, ಶಾಲೆಯ ನಲ್ಲಿಗೆ ಕಟ್ಟಿಸುತ್ತೇವೆ. ಅದು ಕಟ್ಟಿರುವ ತನಕ ಯಾರೂ ನಲ್ಲಿ ಮುಟ್ಟುವಂತಿಲ್ಲ. ಕಟ್ಟಿದವರೇ ಬಿಚ್ಚಬೇಕು.

ಬೇರೆ ಶಾಲೆಗಳ ಗೆಳೆಯರೂ ಮಾಡಿ ನೋಡಿ. ಒಂದು ತುಂಡು ರಟ್ಟು, ಒಂದು ದಾರ, ಅಷ್ಟೇ ಖರ್ಚು.