ಅತಿಥಿಯ ಮುಂಜಾನೆಯ ಹರಿವಾಣ

ಮನೆಗೆ ಬಂದವರ ಮುಂದೆ ಬೆಳಗಿನ ಉಪಾಹಾರದ ಹರಿವಾಣವನ್ನು ಇರಿಸುವುದು ಸಣ್ಣ ಕಾರ್ಯವೆಂದು ತೋರಬಹುದು. ಆದರೆ ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಶ್ರಾವಕನಿಗೆ ಅದು ಇಡೀ ರಾತ್ರಿಯ ಸಂಯಮದ ಪಾರಣೆಯಾಗಿದೆ. ಪರರ ಮನೆಯಲ್ಲಿ ಪಾರಣೆ ಮಾಡುವ ಅತಿಥಿಯು ತನ್ನ ವ್ರತವನ್ನೇ ಆತಿಥೇಯನ ಕೈಗೆ ಒಪ್ಪಿಸಿರುತ್ತಾನೆ. ಆ ವಿಶ್ವಾಸವನ್ನು ಕಾಯುವ ಬಗೆಯನ್ನು ಅರಿಯಲು ತೆಂಗಳಿ, ಸೇಡಂ, ಚಿತ್ತಾಪುರ ಸೀಮೆಯವರು ದೂರ ಹೋಗಬೇಕಾಗಿಲ್ಲ. ಕಾಗಿಣಾ ನದಿಯ ದಡದಲ್ಲಿ, ನೇಮಿನಾಥ ಬಸದಿಯಿರುವ ಮಳಖೇಡವು ಸಮೀಪದಲ್ಲಿಯೇ ಇದೆ.

ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಇಲ್ಲಿ 9ನೆಯ ಶತಮಾನದಲ್ಲಿ ಆಳಿದ ಅಮೋಘವರ್ಷ ನೃಪತುಂಗನ ಗುರುಗಳಾದ ಜಿನಸೇನಾಚಾರ್ಯರು ಸಂಸ್ಕೃತ ಆದಿಪುರಾಣದಲ್ಲಿ ಪ್ರಥಮ ಆಹಾರದಾನದ ಕಥೆಯನ್ನು ನಿರೂಪಿಸಿದ್ದಾರೆ. ದೀರ್ಘ ಉಪವಾಸದ ಬಳಿಕ ಆಹಾರಕ್ಕಾಗಿ ಹೊರಟ ವೃಷಭಸ್ವಾಮಿಗೆ ಪ್ರಜೆಗಳು ಭಕ್ತಿಯಿಂದ ರತ್ನ, ವಸ್ತ್ರ, ವಾಹನಗಳನ್ನು ತಂದೊಪ್ಪಿಸಿದರು. ಅವುಗಳಲ್ಲಿ ಒಂದೂ ಸ್ವಾಮಿಗೆ ಉಪಯೋಗವಾಗಲಿಲ್ಲ. ಕೊನೆಗೆ ಹಸ್ತಿನಾಪುರದಲ್ಲಿ ಪೂರ್ವಜನ್ಮದ ಸ್ಮರಣೆಯಿಂದ ದಾನದ ವಿಧಿಯನ್ನರಿತ ಶ್ರೇಯಾಂಸಕುಮಾರನು ಕಬ್ಬಿನ ರಸವನ್ನು ನೀಡಿದನು. ಅಕ್ಷಯ ತೃತೀಯೆಯು ಆ ದಿನದ ಸ್ಮರಣೆಯೇ ಆಗಿದೆ. ಪ್ರಜೆಗಳಲ್ಲಿ ಔದಾರ್ಯದ ಕೊರತೆಯಿರಲಿಲ್ಲ. ಸ್ವೀಕರಿಸುವವರ ನಿಯಮವೇನೆಂಬ ಅರಿವಿನ ಕೊರತೆಯಿತ್ತು.

ಮಾನ್ಯಖೇಟದಲ್ಲಿ ಈ ಅರಿವು ಪುರಾಣದ ಕಥೆಯಾಗಿ ಮಾತ್ರ ಉಳಿಯಲಿಲ್ಲ. 10ನೆಯ ಶತಮಾನದಲ್ಲಿ ಮೂರನೆಯ ಕೃಷ್ಣನ ಕಾಲದಲ್ಲಿ ಪುಷ್ಪದಂತನೆಂಬ ಕವಿಯು ಬಡವನಾಗಿ, ದಣಿದು, ನಗರದ ಹೊರಗಿನ ತೋಪಿಗೆ ಬಂದಿಳಿದನು. ಹಿಂದಿನ ಆಶ್ರಯದಲ್ಲಿ ಅವನ ಮನಸ್ಸು ನೊಂದಿತ್ತು. ಮಂತ್ರಿ ಭರತನು ಅವನನ್ನು ಮನೆಗೆ ಬರಮಾಡಿಕೊಂಡು, ಸ್ನಾನ, ವಸ್ತ್ರ, ಭೋಜನಗಳಿಂದ ಉಪಚರಿಸಿ, ಅನಂತರವೇ ಕಾವ್ಯರಚನೆಗೆ ಪ್ರೇರೇಪಿಸಿದನು. ಕ್ರಿ.ಶ. 959ರಲ್ಲಿ ಆರಂಭವಾಗಿ 965ರಲ್ಲಿ ಮುಗಿದ ಅಪಭ್ರಂಶ ಮಹಾಪುರಾಣವು ಆ ಆತಿಥ್ಯದ ಫಲ. 972ರಲ್ಲಿ ಪರಮಾರ ಸೀಯಕನ ದಾಳಿಗೆ ಮಾನ್ಯಖೇಟವು ಸೂರೆಯಾಯಿತು. ಅರಮನೆಗಳ ವೈಭವ ಅಳಿಯಿತು. ಆ ಮನೆಯ ಅನ್ನದಿಂದ ಹುಟ್ಟಿದ ಗ್ರಂಥ ಉಳಿಯಿತು.

ಗೃಹಸ್ಥನ ಹನ್ನೆರಡು ವ್ರತಗಳಲ್ಲಿ ಕೊನೆಯದು ಅತಿಥಿಸಂವಿಭಾಗ. ಸಂವಿಭಾಗವೆಂದರೆ ತನಗಿರುವುದರಲ್ಲಿ ಪಾಲು ನೀಡುವುದು. ತತ್ತ್ವಾರ್ಥಸೂತ್ರವು ಇದಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಸಜೀವ ವಸ್ತುವಿನ ಮೇಲೆ ಆಹಾರವನ್ನು ಇರಿಸುವುದು, ಅಂಥದರಿಂದ ಮುಚ್ಚುವುದು, ತಾನು ಮಾಡಬೇಕಾದುದನ್ನು ಪರರ ಹೆಸರಿಗೆ ಹಾಕುವುದು, ಮಾತ್ಸರ್ಯದಿಂದ ನೀಡುವುದು, ಕಾಲ ಮೀರುವುದು. ಮುನಿಗಳು ತಟ್ಟೆಯಲ್ಲಿ ಉಣ್ಣುವವರಲ್ಲ, ಅವರು ಪಾಣಿಪಾತ್ರರು. ಅವರ ಆಹಾರದಾನಕ್ಕೆ ಪ್ರಧಾನವಾಗಿ ಹೇಳಿದ ಈ ನಿಯಮಗಳ ಭಾವವು ಸಾಧರ್ಮಿಕ ಅತಿಥಿಯ ಹರಿವಾಣಕ್ಕೂ ದಾರಿದೀಪವಾಗಬಲ್ಲದು.

ಸೇಡಂ ಸೀಮೆಯ ಮನೆಯೊಂದರಲ್ಲಿ ಎಂಟು ಹತ್ತು ಅತಿಥಿಗಳಿಗೆ ಉಪ್ಪಿಟ್ಟು, ಅವಲಕ್ಕಿ, ಚುರುಮುರಿಯ ಸುಸಲಾ, ಬಿಸಿ ಜೋಳದ ರೊಟ್ಟಿ, ಪಲ್ಯ, ಹಿಂಡಿಗಳನ್ನು ಒಂದೇ ಹರಿವಾಣದಲ್ಲಿ ಅಣಿಗೊಳಿಸುವುದುಂಟು. ಅವರಲ್ಲಿ ಒಬ್ಬರು ಕಂದಮೂಲ ತ್ಯಜಿಸಿದವರು, ಮತ್ತೊಬ್ಬರು ಸಚಿತ್ತತ್ಯಾಗಿಗಳು ಆಗಿರಬಹುದು. ಅಂದಕ್ಕಾಗಿ ಮೇಲೆ ಉದುರಿಸಿದ ಒಂದು ಹಿಡಿ ಹಸಿ ಕೊತ್ತಂಬರಿಯಿಂದ ಇಡೀ ಖಾದ್ಯವೇ ಅವರಿಗೆ ವರ್ಜ್ಯವಾಗುತ್ತದೆ. ಕಾಯಿಸದ ಹಾಲಿನ ಮೊಸರು ಬೇಳೆಯೊಡನೆ ಬೆರೆತರೆ ದ್ವಿದಳ ದೋಷ. 13ನೆಯ ಶತಮಾನದ ಆಶಾಧರ ಪಂಡಿತರ ಸಾಗಾರಧರ್ಮಾಮೃತವು ಇದನ್ನು ನಿಷೇಧಿಸಿದೆ. ಆದುದರಿಂದ ಎಲ್ಲರೂ ಹಂಚಿಕೊಳ್ಳುವ ಹರಿವಾಣಕ್ಕೆ ಅತ್ಯಂತ ಕಠಿಣ ವ್ರತವುಳ್ಳ ಅತಿಥಿಯೇ ಅಳತೆಗೋಲು. ಇಲ್ಲವಾದರೆ ಅವರು ತುಂಬಿದ ಪಂಕ್ತಿಯಲ್ಲಿ ಬರಿಗೈಯಲ್ಲಿ ಕುಳಿತಿರಬೇಕಾಗುತ್ತದೆ, ಅಥವಾ ದಾಕ್ಷಿಣ್ಯಕ್ಕೆ ಸಿಲುಕಿ ನಿಯಮವನ್ನು ಮುರಿಯಬೇಕಾಗುತ್ತದೆ. ಎರಡರ ಹೊಣೆಯೂ ಬಡಿಸಿದವರದೇ. ಗಿರಾಕಿಯ ಅಗತ್ಯವನ್ನು ಕೇಳದೆ ಯಾವ ವರ್ತಕನೂ ಸರಕನ್ನು ತೂಗುವುದಿಲ್ಲ; ಅತಿಥಿಯ ನಿಯಮವನ್ನು ಮಾತ್ರ ಕೇಳದೆ ಬಡಿಸುವುದು ಉಚಿತವೇ?

ಇದರಿಂದ ರುಚಿಗೆ ಕುಂದಿಲ್ಲ. ಸೂಪಶಾಸ್ತ್ರವನ್ನು ಕನ್ನಡದಲ್ಲಿ ರಚಿಸಿದ ಮೂರನೆಯ ಮಂಗರಸನು ಜೈನಕವಿಯೇ ಆಗಿದ್ದನು. ಹಂಚಿಕೊಳ್ಳುವುದೆಂದರೆ ಒಂದೇ ಪಾತ್ರೆಗೆ ಎಲ್ಲರೂ ಕೈಯಿಕ್ಕುವುದೂ ಅಲ್ಲ. ಪ್ರತಿ ಖಾದ್ಯಕ್ಕೂ ಬೇರೆ ಸೌಟಿದ್ದು, ಬೇಕಾದಷ್ಟನ್ನೇ ಅವರವರ ತಟ್ಟೆಗೆ ಬಡಿಸಿದರೆ ಎಂಜಲಿನ ದೋಷವೂ ಇಲ್ಲ, ಅನ್ನದ ವ್ಯರ್ಥವೂ ಇಲ್ಲ.

ಬಸದಿಗಳ ಆಡಳಿತ ಮಂಡಳಿಗಳು ಯಾತ್ರಿಕರಿಗೆ ಉಪಾಹಾರವನ್ನು ಏರ್ಪಡಿಸುವಾಗ ಐದು ಅತಿಚಾರಗಳನ್ನು ನೆನೆಯುವುದು ಶ್ರೇಯಸ್ಕರ. ರಾತ್ರಿಯೇ ಸಿದ್ಧಪಡಿಸಿ ಮುಂಜಾನೆ ಬಿಸಿಮಾಡಿದ ತಿಂಡಿ, ಭಾಷಣಗಳು ಮುಗಿಯುವವರೆಗೆ ಕಾಯಿಸಿದ ಪಂಕ್ತಿ, ಎಲ್ಲವನ್ನೂ ಅಡುಗೆಯ ಗುತ್ತಿಗೆದಾರನಿಗೆ ಬಿಟ್ಟ ನಿರಾಳತೆ, ಪಕ್ಕದ ಊರಿನವರಿಗಿಂತ ನಾಲ್ಕು ಬಗೆ ಹೆಚ್ಚಿರಲೆಂಬ ಸ್ಪರ್ಧೆ: ಇವೆಲ್ಲ ಹಳೆಯ ದೋಷಗಳ ಹೊಸ ರೂಪಗಳು. ಸೂರ್ಯೋದಯವಾಗಿ ಎರಡು ಘಳಿಗೆ, ಅಂದರೆ 48 ನಿಮಿಷ ಕಳೆದ ಬಳಿಕ, ಶೋಧಿಸಿದ ಧಾನ್ಯ ಮತ್ತು ಸೋಸಿದ ನೀರಿನಿಂದ ಮಾಡಿದ ಎರಡೇ ಬಗೆಯಿದ್ದರೂ ಸಾಕು. ನಿಮ್ಮ ನಿಯಮವೇನೆಂದು ಮೊದಲು ಕೇಳಿ ಬಡಿಸಿದ ಆ ಹರಿವಾಣವೇ ಶ್ರೇಯಾಂಸನ ಕಬ್ಬಿನ ರಸದ ಪರಂಪರೆಗೆ ಸೇರುತ್ತದೆ.