ಫ್ರೀಜರ್‌ನಲ್ಲಿ ನಾಣ್ಯ ಇಟ್ಟರೆ ಆಹಾರ ಕೆಟ್ಟಿದ್ದು ಗೊತ್ತಾಗುತ್ತದೆಯೇ?

ಕಪ್‌ನಲ್ಲಿ ಮಂಜುಗಡ್ಡೆ ಮಾಡಿ ಮೇಲೊಂದು ನಾಣ್ಯ ಇಡಿ. ಊರಿಂದ ಬಂದಾಗ ನಾಣ್ಯ ತಳ ಸೇರಿದ್ದರೆ ಕರೆಂಟ್ ಹೋಗಿ ಆಹಾರ ಹಾಳಾಗಿದೆ ಎಂದರ್ಥ. ಇಂಥದ್ದೊಂದು ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ಇದು ನಿಜವೇ?

ಅರ್ಧ ನಿಜ. ನಾಣ್ಯ ತಳದಲ್ಲಿದ್ದರೆ ಮಂಜುಗಡ್ಡೆ ಪೂರ್ತಿ ಕರಗಿ, ಮತ್ತೆ ಗಟ್ಟಿಯಾಗಿದೆ. ಆಗ ಮಾಂಸ, ಮೀನು, ಐಸ್‌ಕ್ರೀಮ್ ಎಸೆಯುವುದೇ ಕ್ಷೇಮ. ಫ್ರೀಜರ್ ಬ್ಯಾಕ್ಟೀರಿಯಾವನ್ನು ಕೊಲ್ಲುವುದಿಲ್ಲ, ಬೆಳೆಯದಂತೆ ತಡೆಯುತ್ತದೆ ಅಷ್ಟೆ.

ಆದರೆ ನಾಣ್ಯ ಮೇಲೇ ಇದ್ದರೆ ಎಲ್ಲವೂ ಸರಿ ಎನ್ನಲಾಗದು. ಫ್ರೋಜನ್ ಆಹಾರ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ ಉಷ್ಣಾಂಶದಲ್ಲಿರಬೇಕು. ನೀರು ಕರಗುವುದು 0 ಡಿಗ್ರಿಯಲ್ಲಿ. ಇವೆರಡರ ನಡುವೆ ಏನೇ ಏರುಪೇರಾದರೂ ನಾಣ್ಯಕ್ಕೆ ತಿಳಿಯದು. ಲಾರಿಯಲ್ಲಿ, ಅಂಗಡಿಯಲ್ಲಿ ಆದದ್ದಂತೂ ತಿಳಿಯುವುದೇ ಇಲ್ಲ. ಅದಕ್ಕೇ ಸಾಗಣೆ ವಾಹನಗಳಲ್ಲಿ ಉಷ್ಣಾಂಶವನ್ನು ಆಗಾಗ ದಾಖಲಿಸುವ ಡೇಟಾ ಲಾಗರ್ ಇಡುತ್ತಾರೆ.

ನಾವು ಮಾಡಬಹುದಾದದ್ದು: ಬಟಾಣಿ ಪ್ಯಾಕೆಟ್ ಕೊಳ್ಳುವಾಗ ಮುಟ್ಟಿ ನೋಡಿ. ಕಾಳು ಬಿಡಿಬಿಡಿಯಾಗಿಲ್ಲದೆ ಒಂದೇ ಗಡ್ಡೆಯಾಗಿದ್ದರೆ, ಕರಗಿ ಮತ್ತೆ ಗಟ್ಟಿಯಾಗಿರಬಹುದು, ಬೇಡವೆನ್ನಿ. ಕರೆಂಟ್ ಹೋದರೆ ಬಾಗಿಲು ತೆಗೆಯಬೇಡಿ; ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಂಪು ಹಿಡಿದಿಡುತ್ತದೆ. ನಾಣ್ಯಕ್ಕಿಂತ ಫ್ರೀಜರ್ ಥರ್ಮಾಮೀಟರ್ ನಂಬಿ.